ತೀರ್ಪು ಸಾರಲು ಬಂದು ತಾಳೆಗರಿ ಉಳಿಸಿದ ಪಾದ್ರಿ

ಮುಂಡಗೋಡ ಕಡೆ ಹೋದಾಗಲೆಲ್ಲ ಚಿಗಳ್ಳಿಯಲ್ಲಿ ಒಂದು ಹೊತ್ತು ಇಳಿದು ಹೋಗುವುದು ನನಗೆ ರೂಢಿ. ನಮ್ಮ ಕಡೆಯವರೊಬ್ಬರು ಆ ಸೀಮೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದಾರೆ, ಸಂಬಂಧದಲ್ಲಿ ಭಾವ. 2019ರ ಆಗಸ್ಟ್ ಮಳೆಗೆ ಚಿಗಳ್ಳಿ ಜಲಾಶಯದ ಒಡ್ಡು ಒಡೆದು ಗದ್ದೆಗಳಿಗೆ ನೀರು ನುಗ್ಗಿತ್ತಲ್ಲ, ಅದಾದ ಕೆಲವು ತಿಂಗಳಿಗೆ ನಾನು ಅಲ್ಲಿಗೆ ಹೋಗಿದ್ದೆ. ಚಹಾದ ಅಂಗಡಿಯಲ್ಲಿ ಮಾತು ಎಲ್ಲೆಲ್ಲಿಂದಲೋ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಒಬ್ಬರು ಇದು ಒಡ್ಡಿನ ಮಣ್ಣಿನ ದೋಷ ಅಂದರು. ಇನ್ನೊಬ್ಬರು ಇದು ಮೇಲಿನವನ ಶಿಕ್ಷೆ ಅಂದರು. ಯಾರಿಗೆ ಶಿಕ್ಷೆ ಅಂತ ಕೇಳಿದರೆ ಪ್ರತಿಯೊಬ್ಬರೂ ತಮ್ಮವರಲ್ಲದ ಇನ್ನೊಬ್ಬರ ಕಡೆಗೆ ಬೆರಳು ತೋರಿಸುವವರೇ. ನಷ್ಟವಾದದ್ದು ಮಾತ್ರ ಎಲ್ಲ ಜಾತಿಯವರ ಗದ್ದೆಗೂ.

ಈ ತಾಲೂಕು ನೋಡಿದವರಿಗೆ ಗೊತ್ತು, ಇಲ್ಲಿ ಒಬ್ಬರ ಧರ್ಮ ಸರಿ, ಇನ್ನೊಬ್ಬರದು ಸುಳ್ಳು ಅಂತ ಲೆಕ್ಕ ಹಾಕಲು ಕೂತರೆ ಸಂಜೆಯಾದರೂ ಮುಗಿಯದು. 1966ರ ನಂತರ ಬಂದ ಟಿಬೆಟಿಯನ್ನರ ದೊಡ್ಡ ಬೌದ್ಧ ಮಠಗಳು ಒಂದು ಕಡೆ. ಲಿಂಗಾಯತರು, ಮರಾಠರು, ನಮ್ಮ ಮುಸ್ಲಿಮರು, ಕ್ರೈಸ್ತರು ಇನ್ನೊಂದು ಕಡೆ. ಹಳಿಯಾಳ, ಯಲ್ಲಾಪುರ, ಜೋಯಿಡಾ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿಗಳಲ್ಲಂತೂ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಮೂರು ಧರ್ಮ, ಒಂದೇ ಮೂಲ, ಒಂದೇ ಡಮಾಮಿಯ ಸದ್ದು.

ಆ ಚಹಾದ ಅಂಗಡಿಯ ಮಾತು ಕೇಳುತ್ತಾ ನನಗೆ ನೆನಪಾದದ್ದು ಹರ್ಮನ್ ಮೋಗ್ಲಿಂಗ್. ಜುಲೈ 1 ಬಂತೆಂದರೆ ಪತ್ರಿಕಾ ದಿನಾಚರಣೆ ಅಂತ ನಾವೆಲ್ಲ ಅವರ ಫೋಟೋಗೆ ಹಾರ ಹಾಕುತ್ತೇವೆ, ಕನ್ನಡದ ಮೊದಲ ಪತ್ರಿಕೆಯ ಸಂಪಾದಕ ಅಂತ ಎರಡು ಮಾತು ಆಡಿ ಮನೆಗೆ ಹೋಗುತ್ತೇವೆ. ಆದರೆ ಆ ಮನುಷ್ಯ ಏನು ನಂಬಿ ಈ ನೆಲಕ್ಕೆ ಬಂದರು, ಅವರ ಊರಿನಲ್ಲಿ ಆಗ ಎಂಥ ಗಾಳಿ ಬೀಸುತ್ತಿತ್ತು, ಇಲ್ಲಿಗೆ ಬಂದ ಮೇಲೆ ಅದಕ್ಕೆ ಏನಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಹುಬ್ಬಳ್ಳಿಯ ದಾರಿ ಹಿಡಿದರೆ ಚಿಗಳ್ಳಿಗೆ ಅಷ್ಟೇನೂ ದೂರವಲ್ಲದ ಸೀಮೆಯಲ್ಲೇ ಆ ಕಥೆಯ ಮುಖ್ಯ ಭಾಗ ನಡೆದದ್ದು.

ಮೊದಲು ಅವರ ಊರಿನ ವಿಷಯ. ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಪಟ್ಟಣದಲ್ಲಿ. ದ್ರಾಕ್ಷಿ ತೋಟಗಳ ಊರು. ಆ ಸೀಮೆಯಲ್ಲಿ ಭಕ್ತಿಪಂಥದ ಪ್ರೊಟೆಸ್ಟೆಂಟ್ ಕ್ರೈಸ್ತರು ಬಹಳ. ಚರ್ಚಿಗೆ ಹೋಗಿ ಬಂದರೆ ಮುಗಿಯಲಿಲ್ಲ ಅವರಿಗೆ, ಮನೆಗಳಲ್ಲಿ ಸೇರಿ ಬೈಬಲ್ ಓದಬೇಕು, ಅಳಬೇಕು, ಹಾಡಬೇಕು. ಅವರಲ್ಲಿ ದೊಡ್ಡ ಹೆಸರು ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ ಎಂಬ ವಿದ್ವಾಂಸರದು. 1687ರಲ್ಲಿ ಹುಟ್ಟಿ 1752ರಲ್ಲಿ ತೀರಿಕೊಂಡವರು. ಬೈಬಲಿನ ಗ್ರೀಕ್ ಮೂಲವನ್ನು ಹಸ್ತಪ್ರತಿಗಳ ಜೊತೆ ಹೋಲಿಸಿ ತಿದ್ದಿದ ಮಹಾ ಪಂಡಿತ. ಅಷ್ಟು ಪಾಂಡಿತ್ಯವಿದ್ದೂ ಅವರಿಗೊಂದು ಲೆಕ್ಕದ ಹುಚ್ಚಿತ್ತು.

ಬೈಬಲಿನ ಕೊನೆಯ ಪುಸ್ತಕಕ್ಕೆ ಪ್ರಕಟನೆ ಅಂತ ಹೆಸರು. ಪತ್ಮೋಸ್ ಎಂಬ ದ್ವೀಪದಲ್ಲಿದ್ದಾಗ ಯೋಹಾನನಿಗೆ ಕಂಡ ದರ್ಶನಗಳು ಅದರಲ್ಲಿವೆ. ಏಳು ಮುದ್ರೆ, ಏಳು ಕಹಳೆ, ಏಳು ಪಾತ್ರೆಗಳಿಂದ ಸುರಿಯುವ ದೈವಕೋಪ, ಸಮುದ್ರದಿಂದ ಏಳುವ ಮೃಗ, ಒಬ್ಬ ಸುಳ್ಳು ಪ್ರವಾದಿ, ಕಡುಗೆಂಪು ಬಟ್ಟೆ ಉಟ್ಟು ಮೃಗದ ಮೇಲೆ ಕೂತ ಬಾಬಿಲೋನ್ ಎಂಬ ಹೆಂಗಸು. ಆ ಬಾಬಿಲೋನ್ ಒಂದೇ ದಿನದಲ್ಲಿ ಸುಟ್ಟು ಬೂದಿಯಾಗುತ್ತದೆ, ವ್ಯಾಪಾರಿಗಳೂ ಹಡಗಿನವರೂ ದೂರದಲ್ಲಿ ನಿಂತು ಅಳುತ್ತಾರೆ ಎಂಬುದು ಅಲ್ಲಿನ ಚಿತ್ರ. ಸುಳ್ಳು ಧರ್ಮದ ಮೇಲೆ ದೇವರು ಕೊಡುವ ಕೊನೆಯ ತೀರ್ಪು ಅದು ಅಂತ ಓದುವವರು ಓದಿದರು. ಯಾವುದು ಆ ಬಾಬಿಲೋನ್ ಅನ್ನುವುದೇ ತಕರಾರು. ಮೊದಲ ಕ್ರೈಸ್ತರಿಗೆ ಅದು ತಮ್ಮನ್ನು ಹಿಂಸಿಸುತ್ತಿದ್ದ ರೋಮ್ ಸಾಮ್ರಾಜ್ಯ. ಲೂಥರ್ ಬಂದ ಮೇಲೆ ಪ್ರೊಟೆಸ್ಟೆಂಟರಿಗೆ ಅದು ಪೋಪರ ರೋಮ್. ಕ್ಯಾಥೊಲಿಕರು ಸುಮ್ಮನಿರುತ್ತಾರಾ, ಅವರು ತಿರುಗಿಸಿ ಲೂಥರನನ್ನೇ ಸುಳ್ಳು ಪ್ರವಾದಿ ಮಾಡಿದರು. 18, 19ನೇ ಶತಮಾನದ ಹಲವು ಪ್ರೊಟೆಸ್ಟೆಂಟ್ ವ್ಯಾಖ್ಯಾನಕಾರರು ನಮ್ಮನ್ನೂ ಬಿಡಲಿಲ್ಲ. ಹೊಗೆಯೊಳಗಿಂದ ಬರುವ ಮಿಡತೆಗಳು ಅಂದರೆ ಅರಬರ ಸೈನ್ಯ, ಫುರಾತ್ ನದಿ ಬತ್ತುತ್ತದೆ ಅಂದರೆ ತುರ್ಕಿಯ ಉಸ್ಮಾನಿ ಸಾಮ್ರಾಜ್ಯ ಕ್ಷೀಣಿಸುತ್ತದೆ ಎಂದು ಪುಸ್ತಕಗಳ ಮೇಲೆ ಪುಸ್ತಕ ಬರೆದರು. ಒಂದೇ ಪುಟ, ಅದನ್ನು ಹಿಡಿದುಕೊಂಡವರೆಲ್ಲ ಬೇರೆ ಬೇರೆಯವರನ್ನು ಸುಟ್ಟರು.

ಬೆಂಗೆಲ್ ಮಾಡಿದ್ದು ಇಷ್ಟು: ಆ ಪುಸ್ತಕದ ಸಂಖ್ಯೆಗಳನ್ನು ಕೂಡಿಸಿ, ಕಳೆದು, ಮೃಗದ ಆಳ್ವಿಕೆ ಮುಗಿಯುವ ವರ್ಷ 1836 ಅಂತ ನಿಗದಿ ಮಾಡಿದರು. ತಿಂಗಳು, ತಾರೀಕು ಸಹಿತ, ಜೂನ್ 18. ಸತ್ತು ಅರ್ಧ ಶತಮಾನವಾದ ಮೇಲೂ ಆ ಲೆಕ್ಕ ವುರ್ಟೆಂಬರ್ಗಿನ ಜನರ ಮನೆಗಳಲ್ಲಿ ಬದುಕಿತ್ತು. 1816ರಲ್ಲಿ ಬೇಸಿಗೆಯೇ ಬರದೆ ಬೆಳೆ ಸುಟ್ಟು ಹಸಿವಾದಾಗ ಜನ ಅದನ್ನೂ ಸೂಚನೆ ಅಂದರು. ಸಾವಿರಾರು ಮಂದಿ ಮನೆಮಾರು ಮಾರಿ ರಷ್ಯಾದ ದಕ್ಷಿಣಕ್ಕೆ, ಕಾಕಸಸ್ ಕಡೆಗೆ ಹೊರಟರು. ಹಸಿವೂ ಒಂದು ಕಾರಣ, ತೀರ್ಪಿನ ದಿನ ಬರುವಾಗ ಸುರಕ್ಷಿತ ಜಾಗದಲ್ಲಿರಬೇಕೆಂಬುದೂ ಒಂದು ಕಾರಣ. ಹೋಗುವವರನ್ನು ತಡೆಯಲೆಂದು ಅಲ್ಲಿನ ರಾಜ 1819ರಲ್ಲಿ ಕೋರ್ನ್‌ಟಾಲ್ ಎಂಬ ಊರನ್ನೇ ಭಕ್ತರಿಗಾಗಿ ಕಟ್ಟಲು ಬಿಟ್ಟ.

ಮೋಗ್ಲಿಂಗ್ ಬೆಳೆದದ್ದು ಈ ಗಾಳಿಯಲ್ಲಿ. ಓದಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ, ಧರ್ಮಶಾಸ್ತ್ರ. ಅಲ್ಲಿ ಇನ್ನೊಂದು ಬೆಂಕಿ. ಡೇವಿಡ್ ಸ್ಟ್ರೌಸ್ ಎಂಬ ತರುಣ ಅಧ್ಯಾಪಕ ಯೇಸುವಿನ ಜೀವನಚರಿತ್ರೆಯನ್ನು ಪವಾಡಗಳಿಲ್ಲದೆ ಬರೆದು 1835ರಲ್ಲಿ ಯುರೋಪನ್ನೇ ಅಲ್ಲಾಡಿಸಿದ. ಮನೆಯಲ್ಲಿ ನಾಳೆ ಬಾಬಿಲೋನ್ ಬೀಳುತ್ತದೆ ಅನ್ನುವ ಹಿರಿಯರು, ಕಾಲೇಜಿನಲ್ಲಿ ಇದೆಲ್ಲ ಪುರಾಣ ಅನ್ನುವ ಮೇಷ್ಟ್ರು. ಈ ಇಕ್ಕಟ್ಟಿನಲ್ಲಿ ಓದಿದವರು ಮೋಗ್ಲಿಂಗ್, ಅವರ ಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಮತ್ತು ಗೆಳೆಯ ಹರ್ಮನ್ ಗುಂಡರ್ಟ್. ಮಲಯಾಳಂ ನಿಘಂಟಿನ ಗುಂಡರ್ಟ್, ಹೌದು ಅವರೇ. ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ಅಜ್ಜ. ಮೂವರೂ ಕೊನೆಗೆ ಮಿಷನ್ ಕೆಲಸಕ್ಕೆ ಬಂದರು.

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಶುರುವಾದ ಮಿಷನ್ ಅದು. ಹಣ ಬಾಸೆಲಿನ ಶ್ರೀಮಂತರದು, ಆಳುಗಳು ಹೆಚ್ಚಾಗಿ ವುರ್ಟೆಂಬರ್ಗಿನವರು. 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಪಾದ್ರಿಗಳಿಗೂ ಹಿಂದೂಸ್ಥಾನದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ 30ರಂದು ಮಂಗಳೂರು ಮುಟ್ಟಿದರು. ಮೋಗ್ಲಿಂಗ್ ಬಂದದ್ದು 1836ರ ಕೊನೆಗೆ. ಬೆಂಗೆಲ್ ಹೇಳಿದ ಜೂನ್ 18 ಅಷ್ಟರಲ್ಲಿ ಕಳೆದುಹೋಗಿತ್ತು. ರೋಮ್ ಇದ್ದಲ್ಲೇ ಇತ್ತು, ತುರ್ಕಿ ಇದ್ದಲ್ಲೇ ಇತ್ತು.

ಲೆಕ್ಕ ತಪ್ಪಿದರೂ ನಂಬಿಕೆ ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮಲ್ಲೂ ಖಿಯಾಮತ್‌ನ ಅಲಾಮತ್‌ಗಳನ್ನು ಎಣಿಸಿ ವರ್ಷ ಹೇಳುವವರು ಆಗಾಗ ಹುಟ್ಟಿಕೊಳ್ಳುತ್ತಾರೆ, ಆ ಘಳಿಗೆಯ ಅರಿವು ಅಲ್ಲಾಹನಿಗೆ ಮಾತ್ರ ಅಂತ ಉಸ್ತಾದರು ಎಷ್ಟು ಸಲ ಹೇಳಿದರೂ. ಬೈಬಲಿನಲ್ಲೂ ಕುರ್‌ಆನಿನಲ್ಲೂ ಬರುವ ಯೂನುಸ್ ನಬಿಯವರ ಕಥೆ ಈ ಲೆಕ್ಕದವರಿಗೆ ನೆನಪಿಗೆ ಬರುವುದೇ ಇಲ್ಲ. ಶಿಕ್ಷೆ ಬರುತ್ತದೆ ಅಂತ ಸಾರಿದ ಊರು ಪಶ್ಚಾತ್ತಾಪಪಟ್ಟು ಉಳಿದುಕೊಂಡಿತಲ್ಲ.

ಇರಲಿ. ಮೋಗ್ಲಿಂಗ್ ಬಂದು ನಾಲ್ಕು ತಿಂಗಳಾಗುವುದರೊಳಗೆ ಮಂಗಳೂರೇ ಹೊತ್ತಿ ಉರಿಯಿತು. 1837ರ ಏಪ್ರಿಲ್‌ನಲ್ಲಿ ಸುಳ್ಯ, ಪುತ್ತೂರು ಕಡೆಯಿಂದ ಕಲ್ಯಾಣಸ್ವಾಮಿಯ ದಂಗೆಯವರು ಇಳಿದು ಬಂದು ಬಾವುಟಗುಡ್ಡೆ ಹಿಡಿದರು. ಹದಿಮೂರು ದಿನ ಕಂಪೆನಿ ಆಡಳಿತ ಇಲ್ಲಿ ಇರಲಿಲ್ಲ. ಆಮೇಲೆ ಹಡಗಿನಲ್ಲಿ ಸೈನ್ಯ ಬಂತು, ಗಲ್ಲುಗಳಾದವು. ಕನ್ನಡ ಕಲಿಯಲು ಶುರುಮಾಡಿದ್ದ ಆ 25ರ ಪಾದ್ರಿಗೆ ಈ ದೇಶದ ಮೊದಲ ಪಾಠ ಅದು.

ಅದೇ ವರ್ಷ ಮಿಷನ್ ಧಾರವಾಡಕ್ಕೆ ಹೋಯಿತು, 1839ಕ್ಕೆ ಹುಬ್ಬಳ್ಳಿಗೆ. ಕೆಲಕಾಲ ಮೋಗ್ಲಿಂಗರೂ ಆ ಸೀಮೆಯಲ್ಲಿ ಓಡಾಡಿದರು. ಅಲ್ಲೇ ನಡೆದದ್ದು ಕಾಲಜ್ಞಾನದವರ ಪ್ರಸಂಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಉತ್ತರ ಕರ್ನಾಟಕದಲ್ಲಿ ಕಾಲಜ್ಞಾನ ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಕೊಡೇಕಲ್ಲ ಬಸವಣ್ಣನ ಹೆಸರಿನಲ್ಲಿ, ಇನ್ನೂ ಅನೇಕ ಶರಣರ ಹೆಸರಿನಲ್ಲಿ ಮುಂದಾಗುವುದನ್ನು ಹೇಳುವ ವಚನಗಳು, ಪದಗಳು ಓಲೆಗರಿಗಳಲ್ಲಿ ಇವೆ. ಮಳೆ ಕಡಿಮೆಯಾಗುತ್ತದೆ, ಅರಸರು ಕಳ್ಳರಾಗುತ್ತಾರೆ, ಡಂಭದ ಗುರುಗಳು ಹೆಚ್ಚುತ್ತಾರೆ, ಆಮೇಲೆ ವೀರ ವಸಂತರಾಯ ಬರುತ್ತಾನೆ, ಸುಳ್ಳು ಅಳಿಯುತ್ತದೆ, ಸತ್ಯದವರು ಉಳಿಯುತ್ತಾರೆ. ಕೊಡೇಕಲ್ಲಿನ ಪರಂಪರೆಗೆ ನಮ್ಮ ಸೂಫಿಗಳ ಜೊತೆ ಕೊಳುಕೊಡೆ ಇದ್ದದ್ದು, ಅಲ್ಲಿನ ಆಚಾರಗಳಲ್ಲಿ ಹಿಂದೂ ಯಾವುದು, ಮುಸ್ಲಿಂ ಯಾವುದು ಅಂತ ಬಿಡಿಸಲು ಆಗದಿರುವುದು ಬೇರೆಯೇ ಒಂದು ಲೇಖನದ ವಿಷಯ. ಪ್ರಕಟನೆಯ ಪುಸ್ತಕ ಓದಿದವರಿಗೆ ಇದು ಎಷ್ಟು ಪರಿಚಿತವಾಗಿ ಕೇಳಿಸಿರಬೇಕು ನೋಡಿ. ಅಲ್ಲಿ ಬಿಳಿ ಕುದುರೆಯ ಮೇಲೆ ಬರುವವನೊಬ್ಬ, ಇಲ್ಲಿ ವಸಂತರಾಯ. ಅಲ್ಲಿ ಸುಳ್ಳು ಪ್ರವಾದಿ, ಇಲ್ಲಿ ಡಂಭದ ಗುರು.

ಹುಬ್ಬಳ್ಳಿ ಸೀಮೆಯಲ್ಲಿ ಆಗ ಕಾಲಜ್ಞಾನವನ್ನೇ ನಂಬಿಕೊಂಡ ಒಂದು ಪಂಥದವರಿದ್ದರು. ವಿಗ್ರಹಪೂಜೆಯ ಬಗ್ಗೆ, ಜಾತಿಯ ಬಗ್ಗೆ ಅವರಿಗೆ ಅಸಮಾಧಾನವಿತ್ತು. ಕಾಲ ಬದಲಾಗುವ ಹೊತ್ತು ಬಂತು ಅಂತ ಕಾಯುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ದೂರದ ದೇಶದಿಂದ ಬಿಳಿಯ ಗುರುಗಳು ಬಂದು, ವಿಗ್ರಹ ಸುಳ್ಳು, ಜಾತಿ ಸುಳ್ಳು, ತೀರ್ಪು ಹತ್ತಿರ ಅಂತ ಸಂತೆಯಲ್ಲಿ ನಿಂತು ಕನ್ನಡದಲ್ಲಿ ಸಾರತೊಡಗಿದರು. ಇವರೇ ಅವರಿರಬಹುದಾ ಅಂತ ಕಾಲಜ್ಞಾನದವರು ಪಾದ್ರಿಗಳ ಬಳಿಗೆ ಬಂದರು. ಪಾದ್ರಿಗಳಿಗೂ ಅದೇ ಆಶ್ಚರ್ಯ. ದೇವರು ನಮಗಿಂತ ಮೊದಲೇ ಇಲ್ಲಿ ನೆಲ ಉತ್ತು ಇಟ್ಟಿದ್ದಾನೆ ಅಂದುಕೊಂಡರು. ಸಾವಿರಗಟ್ಟಲೆ ಜನ ಒಮ್ಮೆಲೇ ಬರುತ್ತಾರೆ ಎಂಬ ಭರವಸೆ ಬಾಸೆಲಿನವರೆಗೂ ಮುಟ್ಟಿತು. ಎರಡು ಭವಿಷ್ಯವಾಣಿಗಳು ಎದುರುಬದುರು ಕೂತು ಒಂದರ ಮುಖ ಒಂದು ನೋಡಿದ ಘಳಿಗೆ ಅದು.

ಜಾತಿ ಬಿಟ್ಟು ಬರುವವರಿಗೆ ಊರಿನಲ್ಲಿ ಬಾವಿ ಇರುವುದಿಲ್ಲ, ಕೆಲಸ ಇರುವುದಿಲ್ಲ, ಹೆಣ್ಣು ಕೊಡುವವರಿರುವುದಿಲ್ಲ. ಅವರನ್ನು ನೆಲೆಗೊಳಿಸಲೆಂದು ಗದಗಿನ ಹತ್ತಿರ ಮಲಸಮುದ್ರ ಎಂಬಲ್ಲಿ 1841ರಲ್ಲಿ ಮಿಷನ್ ಒಂದು ಕೃಷಿ ನೆಲೆಯನ್ನು ತೆರೆಯಿತು. ಪಾಳುಬಿದ್ದ ಜಾಗ. ಬಂದು ಉಳುಮೆ ಮಾಡಿ, ಮನೆ ಕಟ್ಟಿ, ಇಲ್ಲಿಯೇ ಇರಿ ಎಂಬುದು ಯೋಜನೆ. ಬರಲಿಲ್ಲ. ಸಾವಿರದ ಮಾತು ಬೆರಳೆಣಿಕೆಗೆ ಇಳಿಯಿತು.

ಮಿಷನ್ ಇತಿಹಾಸ ಬರೆದವರು ಇದನ್ನು ನಿರಾಸೆ ಅಂತ ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗನಿಸುವುದು, ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಅರ್ಥದಲ್ಲಿ ಆಡುತ್ತಿದ್ದರು. ಕಾಲಜ್ಞಾನದವರು ಕಾಯುತ್ತಿದ್ದದ್ದು ಲೋಕ ಬದಲಾಗುವುದನ್ನು, ಅರಸ ಬದಲಾಗುವುದನ್ನು, ತಮ್ಮ ಮೇಲಿನ ಭಾರ ಇಳಿಯುವುದನ್ನು. ಪಾದ್ರಿಗಳು ಕೇಳಿದ್ದು ಒಬ್ಬೊಬ್ಬರ ಒಳಗಿನ ಬದಲಾವಣೆ, ಆಮೇಲೆ ದೀಕ್ಷಾಸ್ನಾನ. ತೀರ್ಪು ಬರಲಿ ಅಂತ ಕಾದವರಿಗೆ ತಾವೂ ತೀರ್ಪಿನ ಕಟಕಟೆಯಲ್ಲಿದ್ದೇವೆ ಅಂತ ಹೇಳಿದರೆ ಯಾರು ನಿಲ್ಲುತ್ತಾರೆ ಹೇಳಿ.

ಮೋಗ್ಲಿಂಗ್ ಮಂಗಳೂರಿಗೆ ಮರಳಿದರು. ಬಲ್ಮಠದಲ್ಲಿ ಹುಡುಗರಿಗೆ ಪಾಠ ಹೇಳುವ ಹೊಣೆ. ಅವರು ಆ ಹುಡುಗರ ಜೊತೆಗೇ ವಾಸ ಮಾಡಿದರು, ಅವರ ಜೊತೆಗೇ ಕೂತು ಉಂಡರು. ಸಾಹೇಬರ ಬಂಗಲೆ, ಖಾನಸಾಮ, ಪಲ್ಲಕ್ಕಿ ಎಲ್ಲ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1843ರ ಜುಲೈ 1ಕ್ಕೆ 'ಮಂಗಳೂರು ಸಮಾಚಾರ' ಹೊರಬಂತು. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು, ಕಲ್ಲಚ್ಚಿನಲ್ಲಿ ಮುದ್ರಣ. ಕಲ್ಲಚ್ಚು ಅಂದರೆ ಮೊಳೆ ಜೋಡಿಸುವುದಿಲ್ಲ, ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಕೈಯಲ್ಲಿ ಬರೆದದ್ದನ್ನು ಕಾಗದಕ್ಕೆ ಒತ್ತಿ ತೆಗೆಯುವುದು. ಹಾಗಾಗಿ ಆ ಪತ್ರಿಕೆಯ ಅಕ್ಷರ ನೋಡಿದರೆ ಶ್ಯಾನುಭೋಗರ ಕೈಬರಹದ ಹಾಗೇ ಕಾಣುತ್ತದೆ. ಒಳಗೆ ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ದೂರದೇಶದ ಯುದ್ಧ, ನೀತಿಕಥೆ, ಹಾಡು. ದೊರೆ ಏನು ಕಾನೂನು ಮಾಡಿದ, ಎಲ್ಲಿ ಏನು ಬೆಂಕಿ ಬಿತ್ತು ಅಂತ ಬಂದರಿನಲ್ಲಿ ಬಾಯಿಂದ ಬಾಯಿಗೆ ಹೋಗುವಾಗ ಇಲಿ ಹುಲಿಯಾಗುತ್ತಿದ್ದ ಕಾಲ. ಗಾಳಿಸುದ್ದಿಗೆ ಅಚ್ಚಿನ ಕಾಗದವೇ ಮದ್ದು ಅಂತ ಮೋಗ್ಲಿಂಗ್ ಕಂಡುಕೊಂಡರು. ಸುಮಾರು ಎಂಟು ತಿಂಗಳು ನಡೆದು, 1844ರ ಮಾರ್ಚ್‌ನಿಂದ ಅದು ಬಳ್ಳಾರಿಯಲ್ಲಿ 'ಕನ್ನಡ ಸಮಾಚಾರ' ಆಗಿ ಮೊಳೆಯಚ್ಚಿಗೆ ಹೋಯಿತು. ಆ ಪತ್ರಿಕೆಯಲ್ಲಿ ಪುರಂದರದಾಸರ ಪದಗಳೂ ಅಚ್ಚಾದವು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅದೇ ಮುದ್ರಣಾಲಯದಿಂದ ಆ ವರ್ಷಗಳಲ್ಲಿ ದೇವವಿಚಾರಣೆ, ಜಾತಿವಿಚಾರಣೆ ಎಂಬಂಥ ಕಿರುಪುಸ್ತಕಗಳೂ ಹೊರಟವು. ಇತರರ ದೇವರುಗಳನ್ನು ವಿಚಾರಣೆಗೆ ನಿಲ್ಲಿಸುವ ಪುಸ್ತಕಗಳು. ಮೋಗ್ಲಿಂಗರನ್ನು ಹೊಗಳುವ ಭರದಲ್ಲಿ ನಾವು ಇದನ್ನು ಮುಚ್ಚಿಡಬಾರದು. ಅವರು ಧರ್ಮ ಬೋಧಿಸಲು ಬಂದವರು, ಪತ್ರಿಕೆ ನಡೆಸಲು ಬಂದವರಲ್ಲ. ಇಲ್ಲಿನ ಪೂಜೆ, ಇಲ್ಲಿನ ನಮಾಝು, ಇಲ್ಲಿನ ಕೋಲ ಎಲ್ಲವೂ ಒಂದು ದಿನ ತೀರ್ಪಿಗೆ ಗುರಿಯಾಗುತ್ತವೆ ಎಂಬ ನಂಬಿಕೆ ಆ ಮಿಷನ್ನಿನ ಬುನಾದಿಯಲ್ಲೇ ಇತ್ತು.

ಆ ನಂಬಿಕೆಗೆ ಬೆಲೆ ತೆತ್ತವರು ಯಾರು ಅಂತ ನೋಡಬೇಕಾದರೆ 1844ರ ಜನವರಿಗೆ ಹೋಗಬೇಕು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣ, ಮೋಗ್ಲಿಂಗರ ಹತ್ತಿರ ಓದುತ್ತಾ ಓದುತ್ತಾ, ಇನ್ನಿಬ್ಬರ ಜೊತೆ ಕ್ರೈಸ್ತನಾದ. ಹೊಸ ಹೆಸರು ಹರ್ಮನ್, ಗುರುವಿನದೇ ಹೆಸರು. ಊರಿನಲ್ಲಿ ದೊಡ್ಡ ಗದ್ದಲವಾಯಿತು. ಮನೆಯವರು ಅತ್ತರು, ಜಾತಿಯವರು ದೂರಿದರು. ಆನಂದರಾಯರಿಗೆ ಮದುವೆಯಾಗಿತ್ತು, ಹೆಂಡತಿ ಜೊತೆಗೆ ಬರಲಿಲ್ಲ. ಗಂಡ 1846ರಲ್ಲಿ ಬಾಸೆಲಿಗೆ ಹೋಗಿ, ಓದಿ, 1851ರಲ್ಲಿ ದೀಕ್ಷೆ ಪಡೆದ ಪಾದ್ರಿಯಾಗಿ ಮರಳಿದರು. ಬಾಸೆಲ್ ಮಿಷನ್ನಿನ ಚರಿತ್ರೆಯಲ್ಲಿ ಅವರದು ಗೌರವದ ಸ್ಥಾನ. ಹಿಂದೆ ಉಳಿದ ಆ ಹೆಣ್ಣುಮಗಳ ಚರಿತ್ರೆಯನ್ನು ಮಾತ್ರ ಯಾರೂ ಬರೆಯಲಿಲ್ಲ. ಯಾವುದು ಸತ್ಯ, ಯಾವುದು ಸುಳ್ಳು ಅಂತ ಗಂಡಸರು ತೀರ್ಮಾನ ಮಾಡುವಾಗ ಒಲೆಯ ಮುಂದೆ ಕೂತವಳನ್ನು ಕೇಳುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮ ಸಮುದಾಯದಲ್ಲೂ ಅಷ್ಟೆ, ಬೇರೆಯವರ ಕಡೆ ಬೆರಳು ತೋರಿಸಿ ಪ್ರಯೋಜನವಿಲ್ಲ.

ಇಷ್ಟಾದ ಮೇಲೆ ಬರುವ ಭಾಗ ಓದಿದಾಗಲೆಲ್ಲ ನನಗೆ ಅಚ್ಚರಿ. ಯಾರ ನಂಬಿಕೆ ಸುಳ್ಳು ಅಂತ ಸಾರಲು ಬಂದರೋ, ಆ ನಂಬಿಕೆಯ ಪುಸ್ತಕಗಳನ್ನೇ ಮೋಗ್ಲಿಂಗ್ ಹುಡುಕಿಕೊಂಡು ಹೊರಟರು. ಮಠಗಳಲ್ಲಿ, ಮನೆಗಳ ಅಟ್ಟದ ಮೇಲೆ, ಹೊಗೆ ಹಿಡಿದು ಹುಳು ತಿನ್ನುತ್ತಿದ್ದ ಓಲೆಗರಿಯ ಕಟ್ಟುಗಳು. ಅವುಗಳನ್ನು ತಂದು, ಒಂದು ಪ್ರತಿಯನ್ನು ಇನ್ನೊಂದರ ಜೊತೆ ಹೋಲಿಸಿ, ತಿದ್ದಿ, ಕಲ್ಲಚ್ಚಿನಲ್ಲಿ ಮುದ್ರಿಸಿದರು. ಗ್ರೀಕ್ ಬೈಬಲಿಗೆ ಬೆಂಗೆಲ್ ಏನು ಮಾಡಿದ್ದರೋ ಅದನ್ನೇ ಮೋಗ್ಲಿಂಗ್ ಕನ್ನಡ ಕಾವ್ಯಕ್ಕೆ ಮಾಡಿದರು ಅಂದರೆ ತಪ್ಪಾಗದು. ವರ್ಷದ ಲೆಕ್ಕ ಮಾತ್ರ ಹಾಕಲಿಲ್ಲ.

ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಆ ಮಾಲೆ 1848ರಲ್ಲಿ ಶುರುವಾಯಿತು. ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ತೊರವೆ ರಾಮಾಯಣ, ದಾಸರ ಪದಗಳು, ಯಕ್ಷಗಾನದ ರಾವಣ ದಿಗ್ವಿಜಯ ಇವೆಲ್ಲ ಅದರಲ್ಲಿ ಬಂದವು. 1850ರಲ್ಲಿ ಬಂದ ದಾಸರ ಪದಗಳ ಸಂಗ್ರಹದಲ್ಲಿ 174 ಪದಗಳಿದ್ದವು, ಕನ್ನಡದಲ್ಲಿ ದಾಸ ಸಾಹಿತ್ಯ ಪುಸ್ತಕವಾಗಿ ಮೊದಲು ಅಚ್ಚಾದದ್ದು ಅದೇ. ಹಣ ಮಿಷನ್ನಿನದಲ್ಲ. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ಮದ್ರಾಸಿನ ನಿವೃತ್ತ ನ್ಯಾಯಾಧೀಶರು ಕೊಟ್ಟದ್ದು. ವಯಸ್ಸಾದ ಮೇಲೆ ಕನ್ನಡ ಕಲಿತು ಹಿಡಿದವರು ಆ ದೊರೆ. 1849ರಲ್ಲಿ ತೀರಿಕೊಂಡರು, ಮಾಲೆ ಮುಗಿಯುವುದನ್ನು ನೋಡಲಿಲ್ಲ.

ಯಾಕೆ ಮಾಡಿದರು ಇದನ್ನು? ಎದುರಾಳಿಯ ಪುಸ್ತಕ ಓದದೆ ಎದುರಾಳಿಯ ಜೊತೆ ವಾದ ಮಾಡಲಾಗದು ಎಂಬುದು ಒಂದು ಕಾರಣ. ಬೈಬಲನ್ನು ಒಳ್ಳೆಯ ಕನ್ನಡಕ್ಕೆ ತರಬೇಕಾದರೆ ಒಳ್ಳೆಯ ಕನ್ನಡ ಎಲ್ಲಿದೆ ಅಂತ ಹುಡುಕಬೇಕಲ್ಲ, ಅದು ಇನ್ನೊಂದು. ಇವೆರಡನ್ನೂ ಒಪ್ಪುತ್ತೇನೆ. ಆದರೆ ವಾದಕ್ಕಾಗಿ ಓದುವವನು ರಾವಣ ದಿಗ್ವಿಜಯದ ಯಕ್ಷಗಾನ ಪ್ರಸಂಗ ಮುದ್ರಿಸುವುದಿಲ್ಲ. ಗಾದೆಗಳನ್ನು ಕೂಡಿಹಾಕುವುದಿಲ್ಲ. ಮೋಗ್ಲಿಂಗ್ ಗಾದೆಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಆ ಮನುಷ್ಯನಿಗೆ ಕನ್ನಡ ಹತ್ತಿಬಿಟ್ಟಿತ್ತು, ಅಷ್ಟೆ. ದೇವರ ತೀರ್ಪು ದೇವರಿಗೆ ಬಿಟ್ಟು ತಾನು ಮಸಿ, ಕಲ್ಲು, ಕಾಗದ ಹಿಡಿದುಕೊಂಡು ಕೂತರು ಅಂತ ಹೇಳಲು ನನಗೆ ಆಸೆ. ಆದರೆ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಅವರು ಕೊನೆಯವರೆಗೂ ಪಾದ್ರಿಯಾಗಿಯೇ ಇದ್ದರು, ತಮ್ಮ ನಂಬಿಕೆಯಲ್ಲಿ ಒಂದು ಅಕ್ಷರ ಬಿಟ್ಟುಕೊಟ್ಟವರಲ್ಲ. ಬೆಳಗ್ಗೆ ವಿಗ್ರಹಾರಾಧನೆಯ ವಿರುದ್ಧ ಬೋಧನೆ, ಸಂಜೆ ದಾಸರ ಪದದ ಪ್ರೂಫ್. ಎರಡನ್ನೂ ಮಾಡಿದವರು ಒಬ್ಬರೇ.

ಇಲ್ಲಿ ನಮ್ಮವರ ಬಗ್ಗೆ ಒಂದು ಮಾತು. ಬಾಸೆಲ್ ಮಿಷನ್ನಿನವರು ಮಲಯಾಳಂಗೆ 1872ರಲ್ಲಿ ಗುಂಡರ್ಟರ ನಿಘಂಟು ಕೊಟ್ಟರು. ತುಳುವಿಗೆ 1886ರಲ್ಲಿ ಮೆನ್ನರರ ನಿಘಂಟು. ಕನ್ನಡಕ್ಕೆ 1894ರಲ್ಲಿ ಕಿಟ್ಟೆಲರದ್ದು. ಕಲ್ಯಾಣಪುರದಿಂದ ಕಾಸರಗೋಡಿನವರೆಗೆ ಬಂದರು, ಬೆಲ್ಲ, ಮೀನು, ಅಕ್ಕಿ ವ್ಯಾಪಾರ ನಡೆಸುತ್ತಿದ್ದ ಬ್ಯಾರಿಗಳ ಭಾಷೆ ಅವರ ಕಿವಿಗೆ ದಿನಾ ಬೀಳುತ್ತಿತ್ತು. ಅದಕ್ಕೆ ನಿಘಂಟಾಗಲಿಲ್ಲ. ನಮ್ಮ ಅಜ್ಜಿಯಂದಿರು ಮದುವೆ ಮನೆಯಲ್ಲಿ ಹಾಡುತ್ತಿದ್ದ ಹಾಡುಗಳನ್ನು ಕಲ್ಲಚ್ಚಿನ ಮೇಲೆ ಬರೆದವರಿಲ್ಲ. ಅದಕ್ಕೆ ಅವರನ್ನು ದೂರುವುದು ಸರಿಯಲ್ಲ, ನಾವೇ ಬರೆಯಲಿಲ್ಲ. ನಮ್ಮವರಲ್ಲಿ ಓದುಬರಹ ಬಲ್ಲವರು ಅರಬಿ-ಮಲಯಾಳಂನಲ್ಲಿ ಬರೆದರು, ಮನೆಮಾತನ್ನು ಮನೆಯಲ್ಲೇ ಬಿಟ್ಟರು. ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ. ಮಿಷನ್ನಿನವರನ್ನು ಹೊರಗಿನವರು ಅಂತ ದೂರ ಇಟ್ಟ ನಮ್ಮ ಹಿರಿಯರೂ, ಬ್ಯಾರಿಗಳನ್ನು ಸುಳ್ಳು ಪ್ರವಾದಿಯ ಅನುಯಾಯಿಗಳು ಅಂತ ದೂರ ಇಟ್ಟ ಪಾದ್ರಿಗಳೂ ಬಂದರಿನ ಒಂದೇ ಬೀದಿಯಲ್ಲಿ ನಡೆದು ಹೋಗುತ್ತಿದ್ದರು. ಮಾತಾಡಿಸಿಕೊಂಡಿದ್ದರೆ ಇಂದು ನಮ್ಮ ಕೈಯಲ್ಲಿ 170 ವರ್ಷ ಹಳೆಯ ಒಂದು ಹಾಡಿನ ಪುಸ್ತಕವಾದರೂ ಇರುತ್ತಿತ್ತೋ ಏನೋ.

ಕೊಡಗಿನ ಭಾಗ ಬೇಗ ಹೇಳಿ ಮುಗಿಸುತ್ತೇನೆ. 1852-53ರಲ್ಲಿ ಕೊಡಗಿನ ಸೋಮಯ್ಯ ಎಂಬವರು ಸಂನ್ಯಾಸಿಯಾಗಿ ಅಲೆದು ಕೊನೆಗೆ ಮಂಗಳೂರಿಗೆ ಬಂದು ಕ್ರೈಸ್ತರಾದರು. ಅವರ ಜೊತೆ ಮೋಗ್ಲಿಂಗ್ ಘಟ್ಟ ಹತ್ತಿದರು. ಅಲ್ಲಿ ಆನಂದಪುರ ಎಂಬ ನೆಲೆ ಮಾಡಿ, ಜಮ್ಮದ ಒಕ್ಕಲುಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ಹೊಲೆಯರಿಗೆ ಜಾಗ ಮಾಡಿಕೊಟ್ಟರು. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ತಾನು ಬಂದ ಹೊಸದರಲ್ಲಿ ಮಂಗಳೂರನ್ನು ಸುಟ್ಟ ಆ ದಂಗೆಯ ಕಥೆಯೂ ಅದರಲ್ಲಿದೆ. 1857ರಲ್ಲಿ ಹಾಲೇರಿ ಅರಸರ ಚರಿತ್ರೆ ರಾಜೇಂದ್ರನಾಮೆಯನ್ನು ಅಚ್ಚು ಹಾಕಿಸಿದರು. ಮತ್ತೆ ಅದೇ ಚಾಳಿ. ಹೋದಲ್ಲೆಲ್ಲ ಬೋಧನೆಗೆ ಕೂತವರು ಕೊನೆಗೆ ಹಸ್ತಪ್ರತಿ ಹಿಡಿದುಕೊಂಡು ಏಳುವುದು.

ಟ್ಯೂಬಿಂಗನ್ನಿನಲ್ಲಿ ಜೊತೆಗೆ ಓದಿದ ವೈಗ್ಲೆ, ಬೈಬಲಿನ ಕನ್ನಡ ಅನುವಾದಕ್ಕೆ ದುಡಿದವರು, 1855ರಲ್ಲಿ ತೀರಿಕೊಂಡಿದ್ದರು. ಅವರ ವಿಧವೆ ಪೌಲಿನಾ, ಚಿಕ್ಕ ಮಕ್ಕಳು. ಮೋಗ್ಲಿಂಗ್ ಅಲ್ಲಿಯವರೆಗೆ ಮದುವೆಯಾಗಿರಲಿಲ್ಲ. ಪೌಲಿನಾರನ್ನು ಮದುವೆಯಾಗಿ ಆ ಮಕ್ಕಳಿಗೆ ತಂದೆಯಾದರು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕಾಗಿ ಯುರೋಪಿನ ವಿಶ್ವವಿದ್ಯಾಲಯವೊಂದು ಕೊಟ್ಟ ಮೊದಲ ಡಾಕ್ಟರೇಟ್ ಅದು ಅಂತ ಹೇಳುವುದುಂಟು. ಕೊಟ್ಟದ್ದು ಎಷ್ಟು ಜನರನ್ನು ಮತಕ್ಕೆ ತಂದರು ಎಂಬುದಕ್ಕಲ್ಲ.

1860ರಲ್ಲಿ ದೇಶಕ್ಕೆ ಮರಳಿದರು, 24 ವರ್ಷದ ನಂತರ. ಮತ್ತೆ ಇತ್ತ ಬರಲಿಲ್ಲ. ಅಲ್ಲಿ ಕೂತು ದಾಸರ ಪದಗಳನ್ನು ಜರ್ಮನಿಗೆ ತಿರುಗಿಸಿ ಅಲ್ಲಿನ ಪೌರಸ್ತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. 1870ರ ನಂತರ ಅದೇ ಪತ್ರಿಕೆಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತದ ಅನುವಾದ. ವುರ್ಟೆಂಬರ್ಗಿನ ಚಳಿಗಾಲದಲ್ಲಿ, ಕಿಟಕಿಯ ಹೊರಗೆ ಹಿಮ ಬೀಳುತ್ತಿರುವಾಗ, ವಯಸ್ಸಾದ ಪಾದ್ರಿಯೊಬ್ಬರು ದೇವನೂರಿನ ಕವಿಯ ಷಟ್ಪದಿಯಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ.

1881ರ ಮೇ 10ರಂದು ಎಸ್‌ಲಿಂಗನ್ ಪಟ್ಟಣದಲ್ಲಿ ಹರ್ಮನ್ ಮೋಗ್ಲಿಂಗ್ ತೀರಿಕೊಂಡರು. 70 ತುಂಬಲು ಹತ್ತೊಂಬತ್ತು ದಿನ ಉಳಿದಿತ್ತು. ಬೆಂಗೆಲ್ ಲೆಕ್ಕ ಹಾಕಿದ್ದ ಆ ಜೂನ್ ಕಳೆದು 45ನೇ ವರ್ಷ ಸಮೀಪಿಸುತ್ತಿತ್ತು.